ಮಗನಿಗೆ ಹೇಳದೆ ಹೋದ ಯುದ್ಧ

ಫಾರ್ಲೀಸ್ ಮನೆಗೆ ಪಿಕಾಸೋ ಹೆಸರು ಕೇಳಿ ಬರುವವರಿದ್ದಾರೆ, ಸರ್ರಿಯಲಿಸ್ಟ್ ಕಲಾವಿದರ ಜಾಡು ಹಿಡಿದು ಬರುವವರಿದ್ದಾರೆ, ಕೇಟ್ ವಿನ್ಸ್ಲೆಟ್ ನಟಿಸಿದ ‘ಲೀ’ ಸಿನಿಮಾ ನೋಡಿ ಬರುವವರೂ ಇದ್ದಾರೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಒಬ್ಬ ಮಗನ ಕಥೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಜೊತೆ ನಾರ್ಮಂಡಿಯಿಂದ ಮ್ಯೂನಿಕ್‌ವರೆಗೆ ನಡೆದು ಫೋಟೋ ತೆಗೆದ ತಾಯಿ. ಆ ತಾಯಿಯ ಜೊತೆ ಇದೇ ಮನೆಯಲ್ಲಿ ಬೆಳೆದೂ ಆಕೆ ಅಲ್ಲಿ ಏನು ಮಾಡಿದರು, ಏನು ಕಂಡರು ಎಂಬುದನ್ನು ಅರಿಯದೆ ಉಳಿದ ಮಗ. ತಾಯಿ ಲೀ ಮಿಲ್ಲರ್, ಮಗ ಆ್ಯಂಟನಿ ಪೆನ್‌ರೋಸ್.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಟರೆ ಲೂಯಿಸ್‌ವರೆಗೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಂದ ಈಸ್ಟ್‌ಬೋರ್ನ್ ಕಡೆಗಿನ ಹಳಿಯಲ್ಲಿ ಬರ್ವಿಕ್ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಮುಂದೆ ಟ್ಯಾಕ್ಸಿಯೇ ಗತಿ. ಎರಡು ಕಡೆಯೂ ಆಳೆತ್ತರದ ಬೇಲಿ, ಎದುರಿಂದ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿದು ಜಾಗ ಬಿಡಬೇಕಾದ ಓಣಿಯಂಥ ರಸ್ತೆ. ಚಿಡ್ಡಿಂಗ್ಲೈ ಊರಿನ ಪಕ್ಕದ ಮಡಲ್ಸ್ ಗ್ರೀನ್ ಎಂಬ ಹಳ್ಳಿಯಲ್ಲಿ ಇಟ್ಟಿಗೆಯ ಹಳೇ ತೋಟದ ಮನೆಯೊಂದು ಕಾಣುತ್ತದೆ. ಅದೇ ಫಾರ್ಲೀಸ್. ಲೀ ಮತ್ತು ಅವರ ಗಂಡ, ಚಿತ್ರಕಾರ ರೋಲಂಡ್ ಪೆನ್‌ರೋಸ್, 1949ರಲ್ಲಿ ಇದನ್ನು ಕೊಂಡಾಗ ಆ್ಯಂಟನಿಗೆ ಎರಡು ವರ್ಷ.

ಮನೆಯ ಹಿಂದಿನ ತೋಟದಿಂದ ದಕ್ಷಿಣಕ್ಕೆ ನೋಡಿದರೆ ಸೌತ್ ಡೌನ್ಸ್ ಗುಡ್ಡಸಾಲು. ಅದರ ಹಸಿರು ಮೈಮೇಲೆ ಬಿಳಿಯ ಗೆರೆಗಳಲ್ಲಿ, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ನಿಂತ ಎಪ್ಪತ್ತು ಮೀಟರಿನಷ್ಟು ಎತ್ತರದ ಆಕೃತಿ: ವಿಲ್ಮಿಂಗ್ಟನ್‌ನ ಲಾಂಗ್ ಮ್ಯಾನ್. ರೋಲಂಡ್‌ಗೆ ಈ ಜಾಗ ಹಿಡಿಸಲು ಆ ಮನುಷ್ಯನೂ ಒಂದು ಕಾರಣ. ಊಟದ ಕೋಣೆಯ ದೊಡ್ಡ ಒಲೆಗೂಡಿನ ಗೋಡೆಯ ಮೇಲೆ ಅವರು ಬರೆದ ಚಿತ್ರದಲ್ಲೂ ಅವನ ನೆರಳಿದೆ.

ಹೊರಗಿನಿಂದ ಸಾದಾ ರೈತನ ಮನೆಯಂತೆ ಕಾಣುವ ಫಾರ್ಲೀಸ್ ಒಳಗೆ ಕಾಲಿಟ್ಟ ಕೂಡಲೇ ಬಣ್ಣಗಳಿಂದ ಮುಖಕ್ಕೆ ಬಡಿಯುತ್ತದೆ. ಗೋಡೆಗಳ ಮೇಲೆ ಗಾಢ ಬಣ್ಣ, ಅದರ ಮೇಲೆ ಚಿತ್ರ, ಚಿತ್ರದ ಪಕ್ಕದಲ್ಲಿ ದೂರದ ದೇಶಗಳಿಂದ ಬಂದ ಮರದ ಮುಖವಾಡ, ಕಪಾಟಿನಲ್ಲಿ ಎಲ್ಲೋ ಸಿಕ್ಕ ಕಲ್ಲು, ಚಿಪ್ಪು, ಗೊಂಬೆ. 1937ರಲ್ಲಿ ಪಿಕಾಸೋ ಬರೆದ ಲೀ ಅವರ ಭಾವಚಿತ್ರದ ಪ್ರತಿಯೂ ಇದೆ. ಮ್ಯಾಕ್ಸ್ ಅರ್ನ್ಸ್ಟ್, ಹ್ವಾನ್ ಮೀರೋ, ಮ್ಯಾನ್ ರೇ ಮೊದಲಾದವರು ಇಲ್ಲಿಗೆ ಅತಿಥಿಗಳಾಗಿ ಬಂದವರು. ಅತಿಥಿಗಳೆಂದರೆ ಸುಮ್ಮನೆ ಕೂತು ತಿನ್ನುವವರಲ್ಲ. 1953ರಲ್ಲಿ ‘ವೋಗ್’ ಪತ್ರಿಕೆಗೆ ಲೀ ಒಂದು ಚಿತ್ರಲೇಖನ ಕೊಟ್ಟರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಕಟ್ಟಿದ ಆಲ್ಫ್ರೆಡ್ ಬಾರ್ ಅದರಲ್ಲಿ ಹಂದಿಗಳಿಗೆ ಮೇವು ಹಾಕುತ್ತಿದ್ದಾರೆ, ವ್ಯಂಗ್ಯಚಿತ್ರಕಾರ ಸಾಲ್ ಸ್ಟೈನ್‌ಬರ್ಗ್ ನೀರಿನ ಪೈಪಿನೊಡನೆ ಗುದ್ದಾಡುತ್ತಿದ್ದಾರೆ. ಬಂದವರಿಗೆಲ್ಲ ಕೆಲಸ ಹಚ್ಚಿ ತಾನು ಸೋಫಾದ ಮೇಲೆ ಮಲಗಿ ನಿದ್ರಿಸುವ ಮನೆಯೊಡತಿಯ ಚಿತ್ರದೊಡನೆ ಆ ಲೇಖನ ಮುಗಿಯುತ್ತದೆ. ವೋಗ್‌ಗೆ ಅವರು ಮಾಡಿದ ಕೊನೆಯ ಕೆಲಸ ಅದು. ಆಮೇಲೆ ಕ್ಯಾಮೆರಾ ಮೆಲ್ಲಮೆಲ್ಲನೆ ಕೈಬಿಟ್ಟಿತು. ಆ ಕೈಗೆ ಸೌಟು ಬಂತು.

ಹಾಗಾಗಿ ಈ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅಡುಗೆಮನೆ. ಒಲೆಯ ಹಿಂದಿನ ಗೋಡೆಯಲ್ಲಿ, ಎಣ್ಣೆ ಸಿಡಿಯುವ, ಹಬೆ ತಾಗುವ ಜಾಗದಲ್ಲೇ, ಪಿಕಾಸೋ ಮಾಡಿದ ಟೈಲ್ ಒಂದನ್ನು ಕೂರಿಸಿದ್ದಾರೆ. ಬೇರೆ ಎಲ್ಲಾದರೂ ಆಗಿದ್ದರೆ ಅದು ಗಾಜಿನ ಪೆಟ್ಟಿಗೆಯೊಳಗೆ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಲೀ ಅಡುಗೆಯನ್ನು ಹವ್ಯಾಸವೆಂದು ಹಿಡಿದವರಲ್ಲ. ನಡುವಯಸ್ಸಿನಲ್ಲಿ ಕಾರ್ಡೋಂ ಬ್ಲೂ ಶಾಲೆಗೆ ಸೇರಿ ಪಾಕಶಾಸ್ತ್ರ ಕಲಿತರು. ಎರಡು ಸಾವಿರಕ್ಕೂ ಮಿಕ್ಕಿ ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ಸ್ಪರ್ಧೆಗಳಲ್ಲಿ ಗೆದ್ದರು. ನೀಲಿ ಬಣ್ಣದ ಮೀನು, ಹಸಿರು ಬಣ್ಣದ ಕೋಳಿ, ಹೂಕೋಸಿಗೆ ಗುಲಾಬಿ ಸಾರು ಹೊದಿಸಿ ಮಾಡಿದ ಹೆಣ್ಣಿನ ಎದೆ – ಊಟದ ಮೇಜಿನ ಮೇಲೂ ಸರ್ರಿಯಲಿಸಂ. ಮೊಮ್ಮಗಳು ಆಮಿ ಬೂಹಸಾನ್ 2017ರಲ್ಲಿ ಅಜ್ಜಿಯ ಈ ಅಡುಗೆಗಳನ್ನೆಲ್ಲ ಒಂದು ಪುಸ್ತಕವಾಗಿ ತಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದುದು ಒಂದೇ. ಇಲ್ಲಿ ಓಡಾಡಿಕೊಂಡಿದ್ದ ಹುಡುಗನಿಗೆ ಏನು ಕಂಡಿತು?

ಅವನಿಗೆ ಕಂಡದ್ದರಲ್ಲಿ ಸುಖದ ಪಾಲೂ ಇತ್ತು. 1950ರ ನವೆಂಬರ್‌ನಲ್ಲಿ ಶೆಫೀಲ್ಡ್‌ನ ಶಾಂತಿ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಬಂದ ಪಿಕಾಸೋ ಫಾರ್ಲೀಸ್‌ಗೂ ಬಂದರು. ಹೋರಿಯನ್ನು ಮಾತಾಡಿಸಿದರು, ಅತಿಥಿಗಳ ಪುಸ್ತಕದಲ್ಲಿ ರೆಕ್ಕೆಯುಳ್ಳ ಹೋರಿಗಳನ್ನು ಬರೆದರು. ಮೂರು ವರ್ಷದ ಆ್ಯಂಟನಿಗೆ ಅವರು ನೆಲದ ಮೇಲೆ ಉರುಳಾಡಿ ಆಡುವ ದೊಡ್ಡ ಗೆಳೆಯ. ಆಟದ ಭರದಲ್ಲಿ ಹುಡುಗ ಒಮ್ಮೆ ಪಿಕಾಸೋಗೆ ಕಚ್ಚಿದ. ಪಿಕಾಸೋ ತಿರುಗಿ ಕಚ್ಚಿ, ತಾನು ಕಚ್ಚಿದ ಮೊದಲ ಇಂಗ್ಲಿಷ್‌ನವ ಇವನೇ ಎಂದರಂತೆ. ಆ್ಯಂಟನಿ ಇದನ್ನೇ ಇಟ್ಟುಕೊಂಡು 2010ರಲ್ಲಿ ಮಕ್ಕಳಿಗಾಗಿ ಸೊಗಸಾದ ಪುಸ್ತಕ ಬರೆದರು. ಆ ಪುಸ್ತಕದ ತುಂಬ ತಾಯಿ ತೆಗೆದ ಫೋಟೋಗಳಿವೆ. ಪಿಕಾಸೋರನ್ನು ಲೀ ಸಾವಿರಕ್ಕೂ ಹೆಚ್ಚು ಸಲ ಕ್ಯಾಮೆರಾದಲ್ಲಿ ಹಿಡಿದಿದ್ದರು. ಅಂದರೆ ತಾಯಿ ಫೋಟೋ ತೆಗೆಯುತ್ತಾರೆಂಬುದು ಹುಡುಗನಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಗೆ ಬಂದವರ ಚಿತ್ರ ತೆಗೆಯುವ ಎಷ್ಟೋ ತಾಯಂದಿರಿದ್ದಾರೆ. ಕ್ಯಾಮೆರಾ ಹೆಗಲಿಗೆ ಹಾಕಿ ಶೆಲ್ ದಾಳಿಯ ನಡುವೆ ತೆವಳಿದ ತಾಯಿಯ ಬಗ್ಗೆ ಅವನಿಗೆ ಯಾರೂ ಹೇಳಲಿಲ್ಲ.

ಇನ್ನು ದುಃಖದ ಪಾಲು. ಅದನ್ನು ಆ್ಯಂಟನಿ ಯಾವತ್ತೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ನನಗೆ ಅವರ ಮೇಲೆ ಗೌರವ. ಬಾಲ್ಯದಲ್ಲಿ ಅವರು ಕಂಡ ತಾಯಿ ಕುಡಿತಕ್ಕೆ ಬಿದ್ದವರು, ಯಾವ ಗಳಿಗೆಯಲ್ಲಿ ಸಿಡಿಯುತ್ತಾರೋ ಹೇಳಲಾಗದವರು, ದಿನಗಟ್ಟಲೆ ಮಂಕು ಬಡಿದು ಕೂರುವವರು. ಮಗನನ್ನು ಎತ್ತಿ ಆಡಿಸಿ ಸಾಕಿದ್ದು ಮನೆಯ ದಾದಿ. ತಾಯಿ ಮಗ ಒಬ್ಬರನ್ನೊಬ್ಬರು ನೋಯಿಸುವುದರಲ್ಲೇ ವರ್ಷಗಳು ಕಳೆದವು. ಮಗ ಕೃಷಿ ಓದಿದರು, ಲ್ಯಾಂಡ್ ರೋವರ್ ಹತ್ತಿ ವರ್ಷಗಟ್ಟಲೆ ಭೂಮಿ ಸುತ್ತಿದರು, ಮದುವೆಯಾಗಿ ಇದೇ ತೋಟಕ್ಕೆ ಮರಳಿದರು. ಲೀ ಅವರ ಕೊನೆಯ ದಿನಗಳಲ್ಲಿ ಇಬ್ಬರ ನಡುವೆ ಒಂದಿಷ್ಟು ಹದ ಕೂಡಿಬಂದಿತ್ತು. 1977ರ ಜುಲೈ 21ರಂದು, ಎಪ್ಪತ್ತರ ವಯಸ್ಸಿನಲ್ಲಿ, ಲೀ ಈ ಮನೆಯಲ್ಲೇ ಕ್ಯಾನ್ಸರಿನಿಂದ ತೀರಿಕೊಂಡರು. ಯುದ್ಧದ ಮಾತು ಅಲ್ಲಿಯವರೆಗೂ ಮಗನ ಮುಂದೆ ಬರಲಿಲ್ಲ. ಹೊರಗಿನವರು ಯಾರಾದರೂ ಹಳೆಯ ಫೋಟೋಗಳನ್ನು ಕೇಳಿಕೊಂಡು ಬಂದರೂ, ಅವೆಲ್ಲ ಹಾಳಾಗಿ ಹೋದವು, ಅದರಲ್ಲೇನೂ ಇರಲಿಲ್ಲ ಎಂದು ಲೀ ಸಾಗಹಾಕುತ್ತಿದ್ದರು.

ಹಾಳಾಗಿರಲಿಲ್ಲ. ತಲೆಯ ಮೇಲಿನ ಅಟ್ಟದಲ್ಲೇ ಇದ್ದವು.

ಲೀ ತೀರಿಕೊಂಡ ಸ್ವಲ್ಪ ಕಾಲದಲ್ಲಿ ಆ್ಯಂಟನಿಯ ಹೆಂಡತಿ ಸುಜಾನಾ ಅಟ್ಟ ಹತ್ತಿದ್ದು ತೀರಾ ಸಾಮಾನ್ಯ ಕಾರಣಕ್ಕೆ. ಮನೆಗೆ ಬಂದ ಎಳೆಯ ಮಗು ಆಮಿ ಅಪ್ಪನನ್ನು ಹೋಲುತ್ತಾಳೋ ಇಲ್ಲವೋ ನೋಡಲು ಆ್ಯಂಟನಿಯ ಎಳವೆಯ ಫೋಟೋ ಬೇಕಿತ್ತು. ಅಲ್ಲಿ ಸಿಕ್ಕದ್ದು ರಟ್ಟಿನ ಪೆಟ್ಟಿಗೆಗಳು, ಟ್ರಂಕುಗಳು, ಅವುಗಳ ತುಂಬ ನೆಗೆಟಿವ್, ಪ್ರಿಂಟ್, ಕಾಗದಪತ್ರ. ಆಮೇಲೆ ಎಣಿಸಿದಾಗ ಲೆಕ್ಕ ಅರವತ್ತು ಸಾವಿರದ ಹತ್ತಿರ ಹೋಯಿತು. ಸುಜಾನಾ ಕೈಗೆ ಬಂದ ಟೈಪ್ ಮಾಡಿದ ಹಾಳೆಗಳನ್ನು ತಂದು ಗಂಡನಿಗೆ ಓದಲು ಕೊಟ್ಟರು. ಅದು ಫ್ರಾನ್ಸಿನ ಸೇಂಟ್ ಮಾಲೋ ಎಂಬ ಬಂದರು ಕೋಟೆಯ ಮುತ್ತಿಗೆಯ ವರದಿ. ಓದಿದ ಮಗನಿಗೆ ಬರೆದದ್ದು ತನ್ನ ತಾಯಿ ಎಂದು ನಂಬಲಾಗಲಿಲ್ಲ.

ಫಾರ್ಲೀಸ್‌ನ ಅಂಗಡಿಯಲ್ಲಿ ‘ಲೀ ಮಿಲ್ಲರ್ಸ್ ವಾರ್’ ಸಿಗುತ್ತದೆ. 1992ರಲ್ಲಿ ಆ್ಯಂಟನಿಯೇ ಸಂಪಾದಿಸಿದ ಪುಸ್ತಕ, ಯುದ್ಧಕಾಲದ ವರದಿಗಳೂ ಚಿತ್ರಗಳೂ ಜೊತೆಗಿವೆ. ಅದನ್ನು ಹಿಡಿದುಕೊಂಡು ತೋಟದ ಬೆಂಚಿನಲ್ಲಿ ಕೂತೆ. ಮನೆ ನೋಡಿದ ಮೇಲೆ ಆ ಪುಟಗಳಿಗೆ ಬೇರೆಯೇ ಭಾರ ಬರುತ್ತದೆ.

ಯುದ್ಧಕ್ಕೂ ಹಿಂದಿನ ಬದುಕನ್ನು ಎರಡು ಮಾತಿನಲ್ಲಿ ಹೇಳಬೇಕು. ಲೀ ಹುಟ್ಟಿದ್ದು 1907ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ. 1927ರ ಮಾರ್ಚ್‌ನಲ್ಲಿ ಅಮೆರಿಕದ ವೋಗ್ ಮುಖಪುಟದ ಮೇಲೆ ಮೂಡಿದ ಚೆಲುವೆ. ಎರಡು ವರ್ಷದಲ್ಲಿ ಪ್ಯಾರಿಸ್ಸಿಗೆ ಹೋಗಿ ಮ್ಯಾನ್ ರೇ ಬಳಿ ಫೋಟೋಗ್ರಫಿ ಕಲಿತರು, ಆಮೇಲೆ ನ್ಯೂಯಾರ್ಕಿನಲ್ಲಿ ಸ್ವಂತ ಸ್ಟುಡಿಯೋ ತೆರೆದರು, ಈಜಿಪ್ಟಿನವರೊಬ್ಬರನ್ನು ಮದುವೆಯಾಗಿ ಕೈರೋದಲ್ಲಿ ಕೆಲ ಕಾಲ ಇದ್ದರು. ಯುದ್ಧ ಶುರುವಾಗುವ ಹೊತ್ತಿಗೆ ರೋಲಂಡ್ ಜೊತೆ ಲಂಡನ್ನಿನಲ್ಲಿ. ಅಮೆರಿಕದ ಪ್ರಜೆಗಳೆಲ್ಲ ಊರಿಗೆ ಮರಳಿ ಎಂದು ರಾಯಭಾರ ಕಚೇರಿ ಹೇಳುತ್ತಿದ್ದಾಗ ಲೀ ಬ್ರಿಟಿಷ್ ವೋಗ್‌ನ ಕೆಲಸ ಹಿಡಿದು, ಬಾಂಬ್ ಬಿದ್ದ ಬೀದಿಗಳ ನಡುವೆ ಉಳಿದರು.

ಬ್ರಿಟನ್ನಿನ ಸೇನೆ ಹೆಂಗಸರಿಗೆ ರಣರಂಗದ ಪರವಾನಗಿ ಕೊಡುತ್ತಿರಲಿಲ್ಲ. ಲೀ ಅಮೆರಿಕದವರಾದ್ದರಿಂದ ಅಮೆರಿಕದ ಸೇನೆಯ ಬಾಗಿಲು ತಟ್ಟಿದರು. 1942ರ ಕೊನೆಯಲ್ಲಿ ಯುದ್ಧ ವರದಿಗಾರ್ತಿಯಾಗಿ ಮಾನ್ಯತೆ ಸಿಕ್ಕಿತು; ಸಮವಸ್ತ್ರ ಬಂತು, ಶತ್ರುವಿಗೆ ಸೆರೆಸಿಕ್ಕರೆ ಕ್ಯಾಪ್ಟನ್ ದರ್ಜೆಯ ಮರ್ಯಾದೆ ಎಂಬ ಭರವಸೆ ಬಂತು. ಆದರೂ ಹೆಂಗಸರು ಕಾದಾಟ ನಡೆಯುವ ಜಾಗಕ್ಕೆ ಹೋಗುವಂತಿರಲಿಲ್ಲ. ದಾದಿಯರು ಹೋಗುವಲ್ಲಿಯವರೆಗೆ ಮಾತ್ರ.

ಆಕೆಯ ಕೈಯಲ್ಲಿದ್ದುದು ರೋಲಿಫ್ಲೆಕ್ಸ್. ಆ ಕ್ಯಾಮೆರಾ ಗೊತ್ತಿಲ್ಲದವರಿಗೆ ಒಂದು ಮಾತು: ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವ ಬಿಂಬವನ್ನು ನೋಡಿ ಕ್ಲಿಕ್ಕಿಸಬೇಕು. ಒಂದು ರೋಲಿಗೆ 12 ಚಿತ್ರ, ಮುಗಿದರೆ ಗುಂಡು ಹಾರುತ್ತಿದ್ದರೂ ಕೂತು ಹೊಸ ರೋಲ್ ಹಾಕಬೇಕು. ದೂರದ್ದನ್ನು ಹತ್ತಿರಕ್ಕೆಳೆಯುವ ಲೆನ್ಸ್ ಅದಕ್ಕಿಲ್ಲ, ಮುಖ ಬೇಕಾದರೆ ಮುಖದ ಹತ್ತಿರಕ್ಕೇ ಹೋಗಬೇಕು. ತೆಗೆದ ಫಿಲ್ಮನ್ನು ಲಂಡನ್ನಿಗೆ ಕಳಿಸಿ ತೊಳೆಸಬೇಕು, ಅದು ಸೆನ್ಸಾರ್ ಕೈ ದಾಟಬೇಕು, ಆಮೇಲೆ ಪತ್ರಿಕೆಗೆ. ಲೀ ಅವರ ಯುದ್ಧಚಿತ್ರಗಳಲ್ಲಿ ನೋಡುವವರು ಸತ್ತವರ ತೀರಾ ಸಮೀಪ ನಿಂತಂತೆ ಅನಿಸುವುದಕ್ಕೆ ಈ ಯಂತ್ರದ ಮಿತಿಯೂ ಒಂದು ಕಾರಣ. ಉಳಿದದ್ದು ಆಕೆಯ ಎದೆಗಾರಿಕೆ.

1944ರ ಬೇಸಿಗೆಯಲ್ಲಿ, ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ಆರೇಳು ವಾರಕ್ಕೆ, ವೋಗ್ ಅವರನ್ನು ಅಲ್ಲಿನ ಸೇನಾ ಆಸ್ಪತ್ರೆಗಳಿಗೆ ಕಳಿಸಿತು. ಡೇರೆಗಳಲ್ಲಿ ನಡೆಯುವ ಶಸ್ತ್ರಚಿಕಿತ್ಸೆ, ಬಳಲಿದ ದಾದಿಯರು, ಸ್ಟ್ರೆಚರುಗಳು. ಅಲ್ಲಿ ತೆಗೆದ ಒಂದು ಚಿತ್ರದ ಮುಂದೆ ನಾನು ಬಹಳ ಹೊತ್ತು ಕೂತೆ. ಸುಟ್ಟ ಗಾಯದ ಸೈನಿಕ, ತಲೆ ಮುಖವೆಲ್ಲ ಬಟ್ಟೆ ಸುತ್ತಿದೆ, ಕಣ್ಣು ಬಾಯಿಗಳ ಜಾಗದಲ್ಲಿ ಕಂಡಿ, ಕೈಗಳೂ ಬ್ಯಾಂಡೇಜಿನಲ್ಲಿ ಮುಳುಗಿವೆ. ತಾನು ಎಷ್ಟು ತಮಾಷೆಯಾಗಿ ಕಾಣುತ್ತೇನೋ ನೋಡಬೇಕು, ಒಂದು ಫೋಟೋ ತೆಗಿ ಎಂದು ಅವನೇ ಕೇಳಿದನಂತೆ. ತೆಗೆದೆ, ಆದರೆ ಫೋಕಸ್ ಸರಿಯಾಗಿ ಆಗಲಿಲ್ಲ ಎಂದು ಲೀ ಬರೆದುಕೊಂಡಿದ್ದಾರೆ. ಮ್ಯಾನ್ ರೇ ಬಳಿ ಪಳಗಿದ ಕೈ, ಎರಡು ದಶಕದ ಹತ್ತಿರ ಕ್ಯಾಮೆರಾದ ಮುಂದೂ ಹಿಂದೂ ನಿಂತ ಹೆಂಗಸು, ಆ ಒಂದು ಕ್ಷಣ ಫೋಕಸ್ ತಪ್ಪಿದರು. ಇಡೀ ಪುಸ್ತಕದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಈ ಚಿತ್ರ.

ಆಗಸ್ಟ್‌ನಲ್ಲಿ ಸೇಂಟ್ ಮಾಲೋ. ಊರು ಶರಣಾಗಿದೆ ಎಂಬ ಸುದ್ದಿ ನಂಬಿ ಕಳಿಸಿದ್ದರು. ಹೋಗಿ ನೋಡಿದರೆ ಕೋಟೆಯಲ್ಲಿ ಜರ್ಮನ್ನರು ಇನ್ನೂ ಕೂತಿದ್ದಾರೆ, ಕಾಳಗ ನಡೆದೇ ಇದೆ. ಅಮೆರಿಕದ 83ನೇ ಡಿವಿಷನ್ ಜೊತೆ ಆಗ ಅಲ್ಲಿದ್ದ ಪತ್ರಕರ್ತರು ಲೀ ಒಬ್ಬರೇ. ವಾಪಸ್ ಬರಬೇಕಿತ್ತು, ಬರಲಿಲ್ಲ. ವಿಮಾನಗಳು ಕೋಟೆಯ ಮೇಲೆ ಬಾಂಬ್ ಹಾಕುವುದನ್ನು ಹೋಟೆಲಿನ ಕಿಟಕಿಯಿಂದ ತೆಗೆದರು. ಅದರಲ್ಲಿ ನೇಪಾಮ್ ಬಳಕೆಯ ಚಿತ್ರಗಳೂ ಇದ್ದುದರಿಂದ ಸೆನ್ಸಾರ್ ಅವನ್ನು ತಡೆಹಿಡಿಯಿತು. ಶೆಲ್ ಬೀಳುವಾಗ ಒಂದು ಬಂಕರಿನೊಳಗೆ ಕುಕ್ಕರಿಸಿದ್ದರು. ಬೂಟಿನ ಹಿಮ್ಮಡಿಯ ಕೆಳಗೆ ಏನೋ ಸಿಕ್ಕಿತು. ನೋಡಿದರೆ ತುಂಡಾದ ಕೈ. ಈ ಸುಂದರ ಊರನ್ನು ಹೀಗೆ ಮಾಡಿದ ಜರ್ಮನ್ನರನ್ನು ಶಪಿಸುತ್ತ ಅದನ್ನೆತ್ತಿ ದೂರಕ್ಕೆ ಎಸೆದು, ಓಡಿದೆ ಎಂದು ಬರೆಯುತ್ತಾರೆ. ಆಗಸ್ಟ್ 17ರಂದು ಕೋಟೆ ಶರಣಾಯಿತು. ಅಪ್ಪಣೆ ಮೀರಿ ರಣರಂಗದಲ್ಲಿದ್ದುದಕ್ಕೆ ಸೇನೆ ಲೀ ಅವರನ್ನು ಕೆಲ ದಿನ ಕಾವಲಿನಲ್ಲಿಟ್ಟಿತು. ವರದಿ ಅಕ್ಟೋಬರ್‌ನ ವೋಗ್‌ನಲ್ಲಿ, ಉಡುಪು ಮತ್ತು ಟೊಪ್ಪಿಗೆಗಳ ಪುಟಗಳ ನಡುವೆ, ಬಂತು.

ಅಟ್ಟದಿಂದ ಇಳಿದು ಮಗನ ಕೈಗೆ ಸೇರಿದ್ದು ಇದೇ ವರದಿ. ಕುಡಿದು ಸಿಡುಕುವ, ಮಸಾಲೆ ಡಬ್ಬಿಗಳ ನಡುವೆ ಓಡಾಡುವ ತಾಯಿ; ಕತ್ತಲ ಬಂಕರಿನಲ್ಲಿ ತುಂಡು ಕೈ ಎತ್ತಿ ಎಸೆಯುವ ಸೈನಿಕ ವೇಷದ ಹೆಂಗಸು. ಎರಡೂ ಒಂದೇ ಜೀವ ಎಂದು ಒಪ್ಪಲು ಅವರಿಗೆ ಸಾಕ್ಷಿ ಬೇಕಾಯಿತು. ತಂದೆ ರೋಲಂಡ್ ಆಗಿನ್ನೂ ಬದುಕಿದ್ದರು. ವೋಗ್‌ನ ಹಳೆಯ ಸಂಚಿಕೆಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಡೇವಿಡ್ ಶೆರ್ಮನ್ ಇದ್ದರು. ‘ಲೈಫ್’ ಪತ್ರಿಕೆಯ ಈ ಫೋಟೋಗ್ರಾಫರ್ ಯುದ್ಧದುದ್ದಕ್ಕೂ ಲೀ ಅವರ ಜೊತೆಗಾರ.

ಪುಟ ಮಗುಚಿದಂತೆ 1945ರ ವಸಂತ ಬರುತ್ತದೆ. ಲೈಪ್‌ಜಿಗ್‌ನ ನಗರಸಭೆ ಕಟ್ಟಡದಲ್ಲಿ ವಿಷ ತಿಂದು ಸತ್ತ ನಾಜಿ ಅಧಿಕಾರಿಯ ಕುಟುಂಬ. ಚರ್ಮದ ಸೋಫಾದ ಮೇಲೆ ಮಲಗಿದಂತೆ ಸತ್ತ ಯುವತಿ, ಅವಳ ಕೋಟಿನ ಮೇಲೆ ಬಿದ್ದ ಧೂಳು ಕೂಡ ಕಾಣುವಷ್ಟು ಹತ್ತಿರದಿಂದ. ಬೂಕನ್‌ವಾಲ್ಡ್ ಯಾತನಾ ಶಿಬಿರ. ಏಪ್ರಿಲ್ 30ರಂದು, ಬಿಡುಗಡೆಯ ಮರುದಿನ, ಡಾಖಾವ್ ಶಿಬಿರ. ರೈಲುಬೋಗಿಯೊಳಗೆ ರಾಶಿ ಬಿದ್ದ ಕೈದಿಗಳ ಶವಗಳು, ಅದನ್ನು ನೋಡುತ್ತ ನಿಂತ ಸೈನಿಕರು. ಇದು ನಿಜ, ದಯವಿಟ್ಟು ನಂಬಿ ಎಂದು ಲೀ ಲಂಡನ್ನಿನ ಸಂಪಾದಕಿ ಆಡ್ರಿ ವಿದರ್ಸ್‌ಗೆ ತಂತಿ ಕಳಿಸಿ ಅಂಗಲಾಚಿದರು.

ಅದೇ ದಿನ ಸಂಜೆ ಮ್ಯೂನಿಕ್ಕಿಗೆ ಬಂದು, ಪ್ರಿನ್ಸ್‌ರೆಗೆಂಟನ್‌ಪ್ಲಾಟ್ಸ್ 16ರಲ್ಲಿದ್ದ ಹಿಟ್ಲರನ ಫ್ಲ್ಯಾಟ್ ಸೇರಿದರು. ಆತನ ಬಚ್ಚಲ ತೊಟ್ಟಿಯಲ್ಲಿ ಕೂತ ಲೀ ಅವರನ್ನು ಶೆರ್ಮನ್ ಕ್ಲಿಕ್ಕಿಸಿದರು. ಅಂದೇ ಬರ್ಲಿನ್ನಿನಲ್ಲಿ ಹಿಟ್ಲರ್ ಸತ್ತಿದ್ದ; ಅದು ಇವರಿಗಿನ್ನೂ ಗೊತ್ತಿರಲಿಲ್ಲ. ಇಂದು ಲೀ ಮಿಲ್ಲರ್ ಎಂದರೆ ಜಗತ್ತಿಗೆಲ್ಲ ನೆನಪಾಗುವುದು ಆ ಚಿತ್ರ. ನೋಡುವವರು ತೊಟ್ಟಿಯೊಳಗಿನ ಹೆಂಗಸನ್ನು ನೋಡುತ್ತಾರೆ. ನೋಡಬೇಕಾದ್ದು ಕೆಳಗೆ, ಬಿಳಿಯ ಚಾಪೆಯ ಮೇಲಿರುವ ಬೂಟುಗಳನ್ನು. ಬೆಳಿಗ್ಗೆ ಡಾಖಾವ್‌ನಲ್ಲಿ ತುಳಿದ ಕೆಸರು ಅವುಗಳಿಂದ ಚಾಪೆಗೆ ಮೆತ್ತಿದೆ. ಆ ಚಿತ್ರವನ್ನು ಲೀ ಅವರ ಬದುಕಿನ ಮುದ್ರೆಯಾಗಿ ಮಾಡಿರುವುದು ನನಗೆ ಸರಿಕಾಣುವುದಿಲ್ಲ. ಅದು ಆಕೆ ತೆಗೆಸಿಕೊಂಡ ಚಿತ್ರ. ಆಕೆ ತೆಗೆದ ಚಿತ್ರಗಳು ಸಾವಿರಗಟ್ಟಲೆ ಇವೆ.

ಯುದ್ಧ ಮುಗಿದರೂ ಲೀ ಮನೆಗೆ ಬರಲಿಲ್ಲ. ವಿಯೆನ್ನಾದ ಆಸ್ಪತ್ರೆಯಲ್ಲಿ ಔಷಧಿಯಿಲ್ಲದೆ ಸಾಯುತ್ತಿದ್ದ ಕೂಸುಗಳನ್ನು ಕಂಡರು. 1946ರ ಜನವರಿಯಲ್ಲಿ ಹಂಗೇರಿಯ ಮಾಜಿ ಪ್ರಧಾನಿ ಬಾರ್ದೋಶಿಯನ್ನು ಗುಂಡಿಟ್ಟು ಕೊಲ್ಲುವುದನ್ನು ಚಿತ್ರಿಸಿದರು. ಆಮೇಲೆ ರುಮೇನಿಯಾ. ಕೊನೆಗೆ ಲಂಡನ್, ಮದುವೆ, 1947ರ ಸೆಪ್ಟೆಂಬರಿನಲ್ಲಿ ಮಗ. ಮನಸ್ಸು ಕುಸಿದು ವೈದ್ಯರ ಬಳಿ ಹೋದಾಗ ಸಿಕ್ಕ ಉತ್ತರವನ್ನು ಆ್ಯಂಟನಿ ದಾಖಲಿಸಿದ್ದಾರೆ: ನಿಮಗೇನೂ ಆಗಿಲ್ಲ, ನಿಮ್ಮ ಉತ್ಸಾಹಕ್ಕೋಸ್ಕರ ಜಗತ್ತನ್ನು ಸದಾ ಯುದ್ಧದಲ್ಲಿ ಇಟ್ಟಿರಲು ಆಗುವುದಿಲ್ಲವಲ್ಲ ಎಂಬರ್ಥದ ಮಾತು. ಓದಿದಾಗ ಮೈ ಉರಿಯಿತು. ಇಂದು ಪಿಟಿಎಸ್‌ಡಿ ಎಂದು ಎಲ್ಲರೂ ಹೇಳುವ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ, ಲೀ ತೀರಿಕೊಂಡು ಮೂರು ವರ್ಷದ ಮೇಲೆ.

ಮೌನಕ್ಕೆ ಇನ್ನೂ ಹಳೆಯ ಬೇರೊಂದಿತ್ತು. ಏಳು ವರ್ಷದ ಬಾಲಕಿಯಾಗಿದ್ದಾಗ, ಮನೆಯವರಿಗೆ ಪರಿಚಯದವನೊಬ್ಬ ಲೀ ಮೇಲೆ ಅತ್ಯಾಚಾರ ಎಸಗಿದ್ದ; ಅದರಿಂದ ಅಂಟಿದ ರೋಗಕ್ಕೆ ವರ್ಷಗಟ್ಟಲೆ ನೋವಿನ ಚಿಕಿತ್ಸೆ ನಡೆಯಿತು. ಇದೂ ಆ್ಯಂಟನಿಗೆ ತಿಳಿದದ್ದು ತಾಯಿ ಹೋದ ಮೇಲೆಯೇ. ಹೇಳಬಾರದ್ದನ್ನು ಒಳಗೇ ಅದುಮಿಡುವುದನ್ನು ಆ ಮಗು ಏಳನೇ ವಯಸ್ಸಿಗೇ ಕಲಿತಿತ್ತು. ಡಾಖಾವ್ ಕಂಡು ಬಂದವರು ಅಡುಗೆಮನೆಯ ಮೇಜಿಗೆ ಮಗನನ್ನು ಕೂರಿಸಿಕೊಂಡು ಅದನ್ನು ಹೇಳಬೇಕಿತ್ತು ಎಂದು ನಿರೀಕ್ಷಿಸುವುದು ಸುಲಭ. ಹೇಗೆ ಹೇಳಬೇಕಿತ್ತು ಎಂದು ನನ್ನನ್ನು ಕೇಳಿದರೆ ಉತ್ತರವಿಲ್ಲ.

ಹಾಗೆಂದು ಆ ಹುಡುಗನ ನೋವು ಸುಳ್ಳಾಗುವುದಿಲ್ಲ. ಇಂಥ ಕಥೆಗಳನ್ನು ಹೇಳುವಾಗ ನಾವು ಅವಸರ ಮಾಡುತ್ತೇವೆ: ತಾಯಿಯ ಹಿರಿಮೆ ತಿಳಿಯಿತು, ಮಗನ ಮನಸ್ಸು ತಿಳಿಯಾಯಿತು, ಮುಗಿಯಿತು. ಅಟ್ಟದ ಪೆಟ್ಟಿಗೆ ತೆರೆದ ಮಾತ್ರಕ್ಕೆ ಬಾಲ್ಯ ಮರಳಿ ಬರುವುದಿಲ್ಲ. ಆ್ಯಂಟನಿ 1985ರಲ್ಲಿ ಬರೆದ ‘ದಿ ಲೈವ್ಸ್ ಆಫ್ ಲೀ ಮಿಲ್ಲರ್’ ಈ ಅವಸರ ಮಾಡದ ಪುಸ್ತಕ. ಅದರಲ್ಲಿ ತಾಯಿ ದೇವತೆಯಾಗುವುದಿಲ್ಲ. ಕುಡಿತವಿದೆ, ಕ್ರೌರ್ಯವಿದೆ, ಸೇಂಟ್ ಮಾಲೋ ಇದೆ. ಮಗನಿಗೆ ತಾಯಿಯ ಸೇನಾಜೀವನದ ಬಗ್ಗೆ ಸ್ವಂತ ನೆನಪು ಒಂದೂ ಇರಲಿಲ್ಲ. ಶೆರ್ಮನ್‌ರನ್ನು ಕೇಳಿ, ಪತ್ರಗಳನ್ನು ಓದಿ, ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು, ಯಾವುದು ಯಾವ ಊರು, ಯಾವ ದಿನ ಎಂದು ಒಂದೊಂದಾಗಿ ಹೊಂದಿಸುತ್ತ ಆ ನೆನಪನ್ನು ಅವರು ಕಟ್ಟಿಕೊಂಡರು. ಹಾಲಿನ ದನ ಸಾಕಿಕೊಂಡಿದ್ದ ರೈತ ತಾಯಿಯ ಚಿತ್ರಗಳ ಕಾವಲುಗಾರನಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಇದೇ ಕೆಲಸಕ್ಕೆ ನಿಂತರು. ಅಪ್ಪನ ಮುಖ ಹೋಲುತ್ತಾಳೋ ನೋಡೋಣ ಎಂದು ಯಾರ ಸಲುವಾಗಿ ಅಟ್ಟ ಹತ್ತಿದ್ದರೋ ಆ ಆಮಿ ಈಗ ಅವರೊಡನೆ ಸಂಗ್ರಹದ ಹೊಣೆ ಹೊತ್ತಿದ್ದಾರೆ. 2015ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಲೀ ಅವರ ಯುದ್ಧಕಾಲದ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ‘ಲೀ’ ಸಿನಿಮಾಕ್ಕೂ ಆಧಾರ ಮಗನ ಪುಸ್ತಕವೇ. ಅದರಲ್ಲಿ ವಯಸ್ಸಾದ ತಾಯಿಯ ಎದುರು ಕೂತು ಒಬ್ಬ ಯುವಕ ಕೇಳುವ ಪ್ರಶ್ನೆಗಳು ಆ್ಯಂಟನಿಗೆ ಜೀವಮಾನದಲ್ಲಿ ಕೇಳಲು ಸಿಗದೆ ಹೋದ ಪ್ರಶ್ನೆಗಳು.

ನೋಡಲು ಹೋಗುವವರಿಗೆ: ಮನೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರದ ಕೆಲವು ದಿನ ಮಾತ್ರ ತೆರೆದಿರುತ್ತದೆ. ಮಾರ್ಗದರ್ಶಕರ ಜೊತೆ ಸಣ್ಣ ಗುಂಪಿನಲ್ಲಿ ಕರೆದೊಯ್ಯುತ್ತಾರೆ, ಮುಂಗಡ ಟಿಕೆಟ್ ಮಾಡಿಸಿಕೊಳ್ಳುವುದು ಕ್ಷೇಮ. ತೋಟದಲ್ಲಿ ಶಿಲ್ಪಗಳಿವೆ, ಲೀ ಅವರ ಚಿತಾಭಸ್ಮವನ್ನು ಚೆಲ್ಲಿದ ಸೊಪ್ಪಿನ ಮಡಿಯೂ ಅಲ್ಲೇ ಇದೆ. ಕೊಟ್ಟಿಗೆಯನ್ನು ಗ್ಯಾಲರಿ ಮಾಡಿದ್ದಾರೆ, ಪ್ರದರ್ಶನಗಳು ಬದಲಾಗುತ್ತಿರುತ್ತವೆ. ನಾನು ಮೊದಲು ಮನೆ ನೋಡಿ, ಆಮೇಲೆ ಯುದ್ಧದ ಪುಸ್ತಕ ಬಿಡಿಸಿದೆ. ಮಗನಿಗೆ ಸಿಕ್ಕ ಕ್ರಮ ಅದು. ಸಮಯವಿದ್ದರೆ ನೀವು ತಿರುಗಿಸಿ ನೋಡಿ. ‘ಲೀ ಮಿಲ್ಲರ್ಸ್ ವಾರ್’ ಓದಿಕೊಂಡು ಹೋದರೆ, ಊಟಕ್ಕೆ ಬಂದವರಿಗೆ ಬೇಯಿಸುತ್ತ ನಿಂತಿದ್ದ ಹೆಂಗಸನ್ನು ಆ ಅಡುಗೆಮನೆಯಲ್ಲಿ ಬೇರೆ ಕಣ್ಣಿನಿಂದ ಕಾಣುತ್ತೀರಿ.